ಮಗ್ಗದ ಮನೆಗೊಂದು ತಂತ್ರಾಂಶ

ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗವು ಸದ್ದು ಮಾಡಿದ್ದು 1904ರಲ್ಲಿ. ಜಹಗೀರದಾರ ನಾರಾಯಣರಾವ ಘೋರ್ಪಡೆಯವರ ಆಶ್ರಯದಲ್ಲಿ ವಿಠ್ಠಲರಾವ ದಾತಾರರು ಅದನ್ನು ಹೂಡಿದರು. ಅಂದಿನಿಂದ ಆ ಊರಿಗೆ ನಮ್ಮ ಗಡಹಿಂಗ್ಲಜದ ಕಡೆಯಿಂದ ಹೊಟ್ಟೆಪಾಡಿಗೆ ಹೋದ ಕನ್ನಡಿಗರು ಕಡಿಮೆಯೇನಲ್ಲ. ನಮ್ಮ ಸೋದರಳಿಯನೂ ಅವರಲ್ಲೊಬ್ಬನು. ಈಗ ಸ್ವಂತದ ಚಿಕ್ಕ ಕಾರಖಾನೆ ನಡೆಸುತ್ತಾನೆ.

ಹಳೆಯ ಮಗ್ಗಗಳನ್ನು ತೆಗೆದು, ಗಾಳಿಯ ಒತ್ತಡದಿಂದ ಹೊಕ್ಕಿನ ನೂಲು ಹಾಯಿಸುವ ಏರ್‌ಜೆಟ್ ಮಗ್ಗಗಳನ್ನು ಹೂಡಬೇಕೆಂದು ಅವನು ಮನೆಯನ್ನೇ ಒತ್ತೆಯಿಟ್ಟು ಸಾಲ ತೆಗೆದನು. ಕೆಲಸದ ಮೇಲ್ವಿಚಾರಣೆಗೆ ಯೋಜನಾ ನಿರ್ವಹಣೆಯ ತಂತ್ರಾಂಶ ಕೊಳ್ಳುವುದಿತ್ತು. ಇಬ್ಬರು ಮಾರಾಟಗಾರರು ಬರುವವರಿದ್ದರು. “ಮಾಮಾ, ಪ್ರಶ್ನೆ ಕೇಳಲಿಕ್ಕೆ ನೀವು ಬೇಕು” ಎಂದು ನಮ್ಮನ್ನು ಕರೆಸಿಕೊಂಡನು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ್ದೊಂದೇ ನಮ್ಮ ಅರ್ಹತೆ!

ಈ ವಿದ್ಯೆ ತೀರ ಹೊಸದಲ್ಲ. ಕೆಲಸಗಳನ್ನು ಅಡ್ಡಪಟ್ಟಿಗಳಾಗಿ ಬರೆದು ಕಾಲದೊಡನೆ ಹೋಲಿಸುವ ನಕ್ಷೆಯನ್ನು ಅಮೇರಿಕೆಯ ಹೆನ್ರಿ ಗ್ಯಾಂಟ್ ಎಂಬವರು 1910ರ ದಶಕದಲ್ಲಿ ಬಳಕೆಗೆ ತಂದರು. 1957ರ ಸುಮಾರಿಗೆ ಡುಪಾಂಟ್ ಕಂಪನಿಯಲ್ಲಿ ‘ನಿರ್ಣಾಯಕ ಹಾದಿ’ಯ ಲೆಕ್ಕ ಹುಟ್ಟಿತು. ಅದರ ತಿರುಳು ಸರಳ. ಶೆಡ್ಡಿನ ನೆಲಕ್ಕೆ ಕಾಂಕ್ರೀಟು ಹಾಕಿ ಅದು ಬಲಿಯುವವರೆಗೆ ಮಗ್ಗ ಇಳಿಸುವಂತಿಲ್ಲ. ಕಂಪ್ರೆಸರ್ ಇಲ್ಲದೆ ಇಳಿಸಿದ ಮಗ್ಗ ನಡೆಯದು. ವಿದ್ಯುತ್ ಮಂಜೂರಾಗದೆ ಕಂಪ್ರೆಸರ್ ತಿರುಗದು. ಹೀಗೆ ಒಂದರ ಕೊರಳಿಗೆ ಇನ್ನೊಂದು ಕಟ್ಟಿಕೊಂಡ ಕೆಲಸಗಳಲ್ಲಿ ಎಲ್ಲಕ್ಕಿಂತ ಉದ್ದನೆಯ ಸರಪಳಿ ಯಾವುದೋ ಅದರಲ್ಲಿ ಒಂದು ದಿನ ತಪ್ಪಿದರೆ ಇಡಿಯ ಕಾರ್ಯವೇ ಒಂದು ದಿನ ತಪ್ಪುತ್ತದೆ. ಗೋಡೆಗೆ ಸುಣ್ಣ ಹಚ್ಚುವುದು ವಾರ ತಡವಾದರೆ ಯಾರ ಗಂಟೂ ಹೋಗದು. ಸಾಲದ ಕಂತು ಮಾತ್ರ ಯಾವುದಕ್ಕೂ ಕಾಯುವುದಿಲ್ಲ.

ಮಾರಾಟಗಾರರು ಬರುವ ಮುನ್ನ ನಾವಿಬ್ಬರೂ ಕೊಲ್ಲಾಪುರದ ಉದ್ಯಮನಗರಕ್ಕೆ ಹೋಗಿ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಎರಕದ ಕಾರಖಾನೆ ನೋಡಿಬಂದೆವು. ಅಲ್ಲಿ ಬಹಳ ಬೆಲೆಯ ತಂತ್ರಾಂಶವಿತ್ತು. ಅದನ್ನು ಬಲ್ಲವನು ಒಬ್ಬನೇ ಒಬ್ಬ ಗುಮಾಸ್ತ. ಕುಲುಮೆಯ ಬಳಿ ಎಲ್ಲವೂ ಸೀಮೆಸುಣ್ಣದಿಂದ ಹಲಗೆಯ ಮೇಲೆಯೇ ನಡೆದಿತ್ತು. ಹಲಗೆಯೇ ನಿಜ ಹೇಳುತ್ತಿತ್ತೆಂದು ನಮಗೆ ತೋರಿತು.

ಮೊದಲ ಮಾರಾಟಗಾರನು ತಾನು ತಂದ ಮಾದರಿಯನ್ನು ಸೊಗಸಾಗಿ ತೋರಿಸಿದನು. ನಮಗೆ ತರಬೇತಿಯ ದಿನಗಳ ಮಾದರಿ ಪಾಠ ನೆನಪಾಯಿತು. ಪರೀಕ್ಷಕರು ಬರುವ ಹಿಂದಿನ ದಿನವೇ ಆ ಪಾಠ ಮಕ್ಕಳಿಗೆ ಬಾಯಿಪಾಠವಾಗಿರುತ್ತಿತ್ತು! “ನಿಮ್ಮದು ಬೇಡ, ಇವನ ಶೆಡ್ಡಿನ ಕೆಲಸಗಳನ್ನೇ ಬರೆಯಿರಿ, ಬರೆದಾದ ಮೇಲೆ ಕಂಪ್ರೆಸರ್ ಮೂರು ವಾರ ತಡವೆಂದು ತಿದ್ದಿರಿ” ಎಂದೆವು. ಮುಂದಿನ ತಾರೀಖುಗಳೆಲ್ಲ ತಾವಾಗಿ ಸರಿದವು. ಎರಡನೆಯವನ ತಂತ್ರಾಂಶದಲ್ಲಿ ಆ ಒಂದು ಸಾಲು ಕೆಂಪಾಯಿತು, ಅಷ್ಟೇ. ಉಳಿದವು ಕುಳಿತಲ್ಲೇ ಕುಳಿತವು. ಆದರೆ ಅದರ ಪರದೆ ಮರಾಠಿಯಲ್ಲಿತ್ತು, ಕನ್ನಡದಲ್ಲೂ ಬರೆಯಬಹುದಿತ್ತು. ಮೊದಲನೆಯದರಲ್ಲಿ ಎಲ್ಲವೂ ಇಂಗ್ಲೀಷು, ಅದೂ ಆಳಿಗಿಷ್ಟೆಂದು ವರ್ಷದ ಶುಲ್ಕ.

ತೊಡಕು ಇಲ್ಲಿಯೇ ಇತ್ತು. ಅಂದಂದಿನ ಕೆಲಸ ಎಷ್ಟಾಯಿತೆಂಬುದನ್ನು ಬಲ್ಲವನು ನಮ್ಮ ಕಡೆಯ ಜಾಬರ್. ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಅವನ ಮಾತು ಒಳಗೆ ಹೋಗದಿದ್ದರೆ ಲೆಕ್ಕವೆಲ್ಲ ಚಂದದ ಸುಳ್ಳಾಗುತ್ತದೆ. “ಇದು ಬಂದ ಮೇಲೆ ನಾನು ಬೇಕಾಗ್ತೀನೋ ಇಲ್ಲೋ?” ಎಂದು ಅವನು ಮೆಲ್ಲನೆ ಕೇಳಿದನು. ಅಳಿಯನು ಉತ್ತರಿಸದೆ ಗಣಕಯಂತ್ರದ ಪರದೆಯನ್ನೇ ನೋಡುತ್ತ ಕುಳಿತನು. ನಮಗೆ ಅದು ಸರಿಬರಲಿಲ್ಲ, ಹಾಗೆಂದು ಅವನಿಗೆ ಹೇಳಿಯೂ ಹೇಳಿದೆವು.

ರಾತ್ರಿ ಊಟವಾದ ಮೇಲೆ ಲೆಕ್ಕ ಹಾಕಿದೆವು. ಮಾರಾಟಗಾರನು ಹನ್ನೆರಡು ಆಳಿಗೆ ಹೇಳಿದ್ದನು, ಬೇಕಾದದ್ದು ಇಬ್ಬರಿಗೆ. ಮೂರು ವರ್ಷದ ಕರಾರನ್ನು ಬಿಟ್ಟು ತಿಂಗಳ ಲೆಕ್ಕಕ್ಕೆ ಇಳಿಸಿದೆವು. ಬಿಡುವ ದಿನ ನಮ್ಮ ಮಾಹಿತಿಯನ್ನೆಲ್ಲ ಎಕ್ಸೆಲ್ ಕೋಷ್ಟಕವಾಗಿ ತೆಗೆದುಕೊಡಬೇಕೆಂದು ಬರೆಯಿಸಿಕೊಂಡೆವು. ಇದನ್ನು ಕೇಳಿದಾಗ ಆ ಹುಡುಗನ ಮುಖ ಸ್ವಲ್ಪ ಚಿಕ್ಕದಾಯಿತು. ಹೀಗೆ ಮೊದಲನೆಯದನ್ನೇ ಕೊಂಡೆವು.

ಜಾಬರನಿಗಾಗಿ ನಾವೇ ಕನ್ನಡದಲ್ಲಿ ಒಂದು ದಿನಚರಿಯ ಹಾಳೆ ಗೆರೆ ಹೊಡೆದು ಕೊಟ್ಟೆವು: ಕೆಲಸ, ಆದದ್ದು, ನಿಂತದ್ದು, ಏಕೆ ನಿಂತಿತು. ಅಳಿಯನ ಹೆಂಡತಿ ಸಂಜೆ ಅದನ್ನು ನೋಡಿ ತಂತ್ರಾಂಶಕ್ಕೆ ತುಂಬುತ್ತಾಳೆ; ಸಂಶಯವಿದ್ದರೆ ಜಾಬರನನ್ನು ಪಕ್ಕಕ್ಕೆ ಕೂಡ್ರಿಸಿಕೊಳ್ಳುತ್ತಾಳೆ. ಹೊಸ ಮಗ್ಗಗಳ ತರಬೇತಿಗೆ ಹೋಗುವವರ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ ಆಗಿದೆ. ನೆಲದ ಕಾಂಕ್ರೀಟು ಮುಗಿದಿದೆ. ಕಂಪ್ರೆಸರ್ ಇನ್ನೂ ಬರಬೇಕು.