ಗಿಡ ಒಂದೇ, ಗುಣ ಹಲವು

ಮನೆಗೆ ಬಂದವರನ್ನು ಒಂದು ಬಟ್ಟಲು ಚಹಾ ಕೊಡದೆ ಕಳುಹಿಸುವ ಕುಟುಂಬಗಳು ನಮ್ಮಲ್ಲಿ ವಿರಳ. ಆದರೆ ಹಾಲು, ಸಕ್ಕರೆ, ಶುಂಠಿ, ಏಲಕ್ಕಿಗಳ ನಡುವೆ ಚಹಾ ಎಲೆಯ ಸ್ವಂತ ರುಚಿ ಯಾವುದೆಂದು ವಿಚಾರಿಸುವ ಪ್ರಸಂಗ ಗೃಹಿಣಿಯರಾದ ನಮಗೆ ಒದಗುವುದು ಅಪರೂಪ. ನನಗೆ ಅದನ್ನು ಒದಗಿಸಿದ್ದು ನಮ್ಮ ಯಜಮಾನರ ಸಕ್ಕರೆ ಕಾಯಿಲೆ.

ವೈದ್ಯರು ಸಕ್ಕರೆ ಬಿಡಬೇಕೆಂದು ತಿಳಿಸಿದ ದಿನದಿಂದ ಅವರು ಚಹವನ್ನೇ ತ್ಯಜಿಸಿದರು. ಸಕ್ಕರೆಯಿಲ್ಲದ ಪುಡಿ ಚಹಾ ಅವರಿಗೆ ಬರಿಯ ಒಗರು. ಸಂಜೆ ಎಲ್ಲರೂ ಕೂಡಿ ಕುಳಿತಾಗ ಅವರೊಬ್ಬರೇ ಎದ್ದು ಹಿತ್ತಲಿಗೆ ಹೋಗುವರು. ನಾಲಿಗೆಯ ಪಥ್ಯವನ್ನು ಸಹಿಸಬಹುದು; ಮಕ್ಕಳು ಮೊಮ್ಮಕ್ಕಳೊಡನೆ ಮಾತನಾಡುವ ಆ ಹೊತ್ತೂ ಪಥ್ಯಕ್ಕೆ ಸೇರಿಬಿಟ್ಟರೆ ಹೇಗೆ? ಸಕ್ಕರೆಯ ಆಸರೆಯಿಲ್ಲದೆ ರುಚಿಸುವ ಚಹಾ ಯಾವುದೆಂದು ಹುಡುಕತೊಡಗಿದೆ.

ಮೊದಲು ತಿಳಿದ ಸಂಗತಿಯೇ ಬೆರಗು ಮೂಡಿಸಿತು. ಕಪ್ಪು, ಹಸಿರು, ಬಿಳಿ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವ ಚಹಗಳೆಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಎಲೆಗಳು. ಬರಿಯ ತುಳಸಿ, ಶುಂಠಿಗಳನ್ನು ಕುದಿಸಿದರೆ ಅದು ಕಷಾಯವೇ ಹೊರತು ಚಹವಲ್ಲ.

ಭೇದವೆಲ್ಲ ಕೊಯ್ದ ಎಲೆಗೆ ದೊರೆಯುವ ಸಂಸ್ಕಾರದಲ್ಲಿದೆ. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುವುದನ್ನು ನಾವು ನಿತ್ಯ ಕಾಣುತ್ತೇವೆ. ಚಹದ ಎಲೆಯನ್ನು ಬಾಡಿಸಿ ಹೊಸಕಿದಾಗಲೂ ಹೀಗೆಯೇ ಆಗುತ್ತದೆ. ಪೂರ್ಣ ಕಪ್ಪಾಗಲು ಬಿಟ್ಟರೆ ಅದು ಕಪ್ಪು ಚಹಾ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಬಿಸಿ ತಾಗಿಸಿ ಈ ಬದಲಾವಣೆಯನ್ನು ತಡೆದರೆ ಹಸಿರು ಚಹಾ. ಇದಕ್ಕಾಗಿ ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನಲ್ಲಿ ಹಬೆಯಲ್ಲಿಡುತ್ತಾರೆ. ನಡುದಾರಿಯಲ್ಲಿ ನಿಲ್ಲಿಸಿದರೆ ಊಲಾಂಗ್. ಚೀನಾದ ಫುಜಿಯಾನ್ ಹಾಗೂ ತೈವಾನ್ ಇದಕ್ಕೆ ಪ್ರಸಿದ್ಧ. ಎಳೆಯ ಮೊಗ್ಗುಗಳನ್ನು ಹೊಸಕದೆ ಬಾಡಿಸಿ ಒಣಗಿಸಿದ್ದು ಬಿಳಿ ಚಹಾ.

ಸಂಸ್ಕಾರದಂತೆಯೇ ನೆಲದ ಗುಣವೂ ಮುಖ್ಯ. ಅಸ್ಸಾಮಿನ ಗಿಡ ಅಗಲ ಎಲೆಯದು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬಾತ ಅದನ್ನು ಅಲ್ಲಿ ಗುರುತಿಸುವ ಮೊದಲೇ ಸಿಂಗ್‌ಫೋ ಜನರು ಅದನ್ನು ಬಳಸುತ್ತಿದ್ದರು. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಬ್ರಹ್ಮಪುತ್ರೆಯ ಬಯಲಿನ ಈ ಚಹಾ ಗಾಢ ಬಣ್ಣದ್ದು, ಖಡಕ್ಕಾದದ್ದು. ಹಾಲು ಬೆರೆಸಿದರೂ ಸೋಲದು. ನಮ್ಮ ಅಡಿಗೆಮನೆಯ ಹರಳು ಹರಳಾದ ಪುಡಿ, ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ ‘ಸಿ.ಟಿ.ಸಿ.’ ಚಹಾ. ಬೇಗನೆ ಬಣ್ಣ ಬಿಡುವ ಇದರ ಒಗರನ್ನು ಹಾಲು ಸಕ್ಕರೆಗಳು ತಗ್ಗಿಸುತ್ತವೆ.

ದಾರ್ಜಿಲಿಂಗಿನಲ್ಲಿ ಡಾ. ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ 1841ರಲ್ಲಿ ಗಿಡ ಬೆಳೆಸಲು ಆರಂಭಿಸಿದರು. ಅಲ್ಲಿ ಚಳಿ ತಾಳುವ ಸಣ್ಣ ಎಲೆಯ ಚೀನೀ ತಳಿಯೇ ಹೆಚ್ಚು. ವಸಂತದ ಮೊದಲ ಚಿಗುರಿನ ಚಹಾ ತಿಳಿಬಣ್ಣದ್ದು, ಹೂವಿನ ಕಂಪಿನದು. ಅದಕ್ಕೆ ಹಾಲು ಬೆರೆಸುವುದು ಅದರ ಗುಣವನ್ನು ಮುಚ್ಚಿದಂತೆ. ನಮ್ಮ ನೆರೆಯ ನೀಲಗಿರಿಯಲ್ಲಿ ವರ್ಷವಿಡೀ ಕೊಯ್ಲು ನಡೆಯುತ್ತದೆ. ಅಲ್ಲಿಯ ಎಲೆ ಚಹಾ ಸುವಾಸನೆಯುಳ್ಳದ್ದು, ಅಷ್ಟೊಂದು ಒಗರಲ್ಲ. ಕಾಫಿಯ ನಾಡೆನಿಸಿದ ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲಿಯೂ ಅಲ್ಪ ಪ್ರಮಾಣದಲ್ಲಿ ಚಹಾ ಬೆಳೆಯುತ್ತದೆ.

ದಾರ್ಜಿಲಿಂಗಿನ ಬೆಲೆ ನಿತ್ಯದ ಬಳಕೆಗೆ ನಮಗೆ ನಿಲುಕದು. ನೀಲಗಿರಿಯ ಎಲೆಯನ್ನು ಒಂದು ಚಮಚ ಹಾಕಿ, ಕುದಿಸದೆ, ಕುದಿಯುವ ನೀರನ್ನು ಮೇಲೆರೆದು, ಮೂರು ನಿಮಿಷ ಮುಚ್ಚಿಟ್ಟು ಸೋಸಿ ಕೊಟ್ಟೆ. ಹಾಲಿಲ್ಲ, ಸಕ್ಕರೆಯಿಲ್ಲ. ಯಜಮಾನರು ಎರಡು ಗುಟುಕು ಕುಡಿದು, “ಇದು ಪರವಾಗಿಲ್ಲ, ನಾಳೆಯೂ ಮಾಡು” ಎಂದರು. ಹಸಿರು ಚಹವನ್ನೂ ಮಾಡಿಕೊಟ್ಟಿದ್ದುಂಟು. ಕುದಿಯುವ ನೀರಿಗೆ ಅದು ಕಹಿಯಾಗುವುದರಿಂದ ನೀರನ್ನು ತುಸು ಆರಿಸಿ ಹಾಕಬೇಕು. ಆದರೂ ಅವರಿಗೆ ಒಪ್ಪಿದ್ದು ನೀಲಗಿರಿಯೇ.

ಸಹೋದರಿಯರು ಒಂದು ಮಾತು ನೆನಪಿನಲ್ಲಿಡಬೇಕು. ಯಾವ ಚಹವೂ ಸಕ್ಕರೆ ಕಾಯಿಲೆಗೆ ಔಷಧಿಯಲ್ಲ. ವೈದ್ಯರ ಗುಳಿಗೆಯ ಸ್ಥಾನವನ್ನು ಅದು ತುಂಬಲಾರದು. ಊಟದೊಡನೆ ಕುಡಿದ ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಕುಗ್ಗಿಸುತ್ತದೆ. ಆದ್ದರಿಂದ ರಕ್ತಹೀನತೆಯುಳ್ಳವರು, ಗರ್ಭಿಣಿಯರು ಊಟಕ್ಕೂ ಚಹಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿಡುವುದು ಒಳ್ಳೆಯದು.

ಹೆಚ್ಚಿನ ಬೆಲೆಯದೇ ಎಲ್ಲರಿಗೂ ಉತ್ತಮವೆಂದಲ್ಲ. ಹಾಲಿಗೆ ಅಸ್ಸಾಮಿನದು, ಬರಿಯ ನೀರಿಗೆ ನೀಲಗಿರಿ ಅಥವಾ ದಾರ್ಜಿಲಿಂಗಿನದು. ಒಂದೊಂದಕ್ಕೆ ಒಂದೊಂದು ಗುಣ. ಅದನ್ನು ಅರಿತು ಮಾಡಿದರೆ, ಪಥ್ಯದಲ್ಲಿರುವವರೂ ಮನೆಮಂದಿಯ ನಡುವೆ ತಮ್ಮ ಬಟ್ಟಲು ಹಿಡಿದು ಕೂಡಬಹುದು.