ಶ್ರೀರಂಗಪಟ್ಟಣದಲ್ಲಿ ಫ್ರೆಂಚರನ್ನು ಹುಡುಕುತ್ತಾ

ಮಾರತ್ತಹಳ್ಳಿಯ ನಮ್ಮ ತಾರಸಿಯ ಮೇಲೆ ಚೇತಕ್ ಹೆಲಿಕಾಪ್ಟರ್ ಹಾರಿದಾಗಲೆಲ್ಲ ಮೊಮ್ಮಗಳಿಗೆ ಹೇಳುತ್ತಿರುತ್ತೇನೆ, ‘ಕಟ್ಟಿದ್ದು ನಮ್ಮ ಎಚ್‌ಎಎಲ್‌ನವರು, ವಿನ್ಯಾಸ ಮಾತ್ರ ಫ್ರಾನ್ಸಿನದು’ ಎಂದು. ಈ ವರ್ಷ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡಿರುವ ಅವಳಿಗೆ ಬೇಸಿಗೆ ರಜೆಯಲ್ಲಿ ಪಾಂಡಿಚೇರಿ ನೋಡುವ ಆಸೆ. ‘ಅಷ್ಟು ದೂರ ಯಾಕಮ್ಮ? ಫ್ರೆಂಚರು ನಮ್ಮ ಶ್ರೀರಂಗಪಟ್ಟಣಕ್ಕೇ ಬಂದಿದ್ದರು’ ಎಂದೆ. ನಂಬಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೇ ಕಾರಿನಲ್ಲಿ ಹೊರಟೆವು. ಮದ್ದೂರಿನಲ್ಲಿ ವಡೆ ತಿಂದೆವೆಂದು ಬೇರೆ ಬರೆಯಬೇಕಾಗಿಲ್ಲ.

ದರಿಯಾ ದೌಲತ್, ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯ ಮೇಲೆ ಒಂದು ಯುದ್ಧವೇ ನಡೆಯುತ್ತಿದೆ. 1780ರಲ್ಲಿ ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಚಿತ್ರ ಅದು. ಆನೆ, ಕುದುರೆ, ಕತ್ತಿ, ಕೋವಿ. ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಕರ್ನಲ್ ಬೇಲಿ. ಇಷ್ಟು ಗದ್ದಲದಲ್ಲಿ ಒಬ್ಬ ಮಾತ್ರ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಅವನೇ ಟಿಪ್ಪುವಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ. ಮೊಮ್ಮಗಳು ಹತ್ತು ನಿಮಿಷ ಹುಡುಕಿ ಅವನನ್ನು ಪತ್ತೆಮಾಡಿದಳು. ಮಕ್ಕಳ ಜೊತೆ ಹೋಗುವವರು ಈ ಆಟ ಆಡಿಸಿ ನೋಡಿ.

ಇಂಗ್ಲಿಷರನ್ನು ಓಡಿಸಲು ಟಿಪ್ಪುವಿಗೆ ಫ್ರೆಂಚ್ ಸೈನ್ಯ ಬೇಕಿತ್ತು. ಮೂವರು ರಾಯಭಾರಿಗಳನ್ನು ಹಡಗಿನಲ್ಲಿ ಕಳಿಸಿದ. 1788ರ ಆಗಸ್ಟ್‌ನಲ್ಲಿ ಅವರು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿ ದೊರೆಯನ್ನು ಕಂಡರು. ಅವರಲ್ಲೊಬ್ಬನಾದ ದರ್ವೇಶ್ ಖಾನನ ಚಿತ್ರವನ್ನು ವಿಜೆ ಲ ಬ್ರಾಂ ಎಂಬ ಹೆಸರಾಂತ ಕಲಾವಿದೆ ಬರೆದಳು. ಪಿಂಗಾಣಿ ಉಡುಗೊರೆ ಸಿಕ್ಕಿತು, ಬೀಜಗಳು ಸಿಕ್ಕವು, ಕುಶಲಕರ್ಮಿಗಳೂ ಸಿಕ್ಕರು. ಕೇಳಿದ ಸೈನ್ಯ ಮಾತ್ರ ಸಿಗಲಿಲ್ಲ. ಮರುವರ್ಷ ಫ್ರಾನ್ಸಿನಲ್ಲೇ ಕ್ರಾಂತಿ; ಆಮೇಲೆ ದೊರೆಯ ತಲೆಯೇ ಹೋಯಿತು.

‘ಹಾಗಾದರೆ ಟಿಪ್ಪು ಸತ್ತಾಗ ಫ್ರೆಂಚರೆಲ್ಲಿದ್ದರು ತಾತ?’

1799ರ ಮೇ 4ರಂದು ಕೋಟೆ ಬಿದ್ದಾಗ ನೆಪೋಲಿಯನ್ ಈಜಿಪ್ಟ್ ಕಡೆಯ ದಂಡಯಾತ್ರೆಯಲ್ಲಿದ್ದ. ಅವನು ಟಿಪ್ಪುವಿಗೆ ಬರೆದ ಕಾಗದವೂ ದಾರಿಯಲ್ಲೇ ಇಂಗ್ಲಿಷರ ಕೈಸೇರಿತ್ತು. ಫ್ರೆಂಚರಿಗೂ ತಮ್ಮ ಲಾಭವೇ ಮೊದಲು ಅನ್ನಿ. ಇನ್ನೊಂದು ಸ್ವಾರಸ್ಯ ಕೇಳಿ: ಕೋಟೆ ಗೆದ್ದ ಮೇಲೆ ಇದೇ ದರಿಯಾ ದೌಲತ್‌ನಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು!

ಅಲ್ಲಿಂದ ಪಾಂಡವಪುರಕ್ಕೆ ಹೋದೆವು. ಊರಿನ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪುವಿನ ಫ್ರೆಂಚ್ ಪಡೆ ಇಲ್ಲಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದರು, ಅಂದರೆ ಫ್ರೆಂಚರ ಬಂಡೆಗಳು. ಊರವರಿಗೆ ಮಾತ್ರ ಅದು ಕುಂತಿಬೆಟ್ಟ. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯ ಜೊತೆ ಇಲ್ಲಿದ್ದರೆಂಬ ಕಥೆಯಿದೆ. ಊರಿನ ಈಗಿನ ಹೆಸರೂ ಅದರಿಂದಲೇ.

ನನ್ನ ಮಂಡಿಗೆ ಅರ್ಧ ಬೆಟ್ಟವೇ ಸಾಕಾಯಿತು. ಮೊಮ್ಮಗಳು ಅಪ್ಪನ ಜೊತೆ ಮೇಲೆ ಹತ್ತಿ, ಕಬ್ಬಿನ ಗದ್ದೆಗಳ ಕಡೆ ತಿರುಗಿ ‘ಬೋಂಜೂರ್!’ ಎಂದು ಕೂಗಿದಳು. ಕೆಳಗೆ ದನ ಮೇಯಿಸುತ್ತಿದ್ದ ಹುಡುಗ ‘ಏನಂತೆ?’ ಎಂದು ನನ್ನನ್ನು ಕೇಳಿದ. ‘ನಮಸ್ಕಾರ ಅಂತಿದಾಳಪ್ಪ’ ಎಂದೆ. ಅವನೂ ಹಾಗೇ ಕೂಗಿದ.

ಬೇಸಿಗೆಯಲ್ಲಿ ಬಂಡೆ ಬೇಗ ಕಾಯುತ್ತದೆ. ಹತ್ತುವವರು ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಬಿಸಿಲು ಇಳಿದ ಮೇಲೆ ಹತ್ತಿ, ನೀರು ಮರೆಯಬೇಡಿ.