ಸೂರಕ್ಕಿಯ ಗೂಡು

"ಟೀಚರ್, ನಮ್ಮ ಮನೆಯ ದಾಸವಾಳಕ್ಕೆ ಹಮ್ಮಿಂಗ್ ಬರ್ಡ್ ಬರುತ್ತದೆ" ಎಂದು ಪ್ರತಿ ವರ್ಷ ಯಾರಾದರೊಬ್ಬರು ತರಗತಿಯಲ್ಲಿ ಹೇಳುತ್ತಾರೆ. ಟಿ.ವಿ.ಯಲ್ಲಿ ಅದನ್ನು ನೋಡಿರುತ್ತಾರೆ. ಆ ಹಕ್ಕಿಗಳಿರುವುದು ದೂರದ ಅಮೆರಿಕ ಖಂಡಗಳಲ್ಲಿ ಮಾತ್ರ. ಅವು ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತವೆ. ನಮ್ಮ ಕಾಸರಗೋಡಿನ ಅಂಗಳಕ್ಕೆ ಬರುವುದು ಸೂರಕ್ಕಿ. ಇದು ಹೆಚ್ಚಾಗಿ ಗೆಲ್ಲಿನ ಮೇಲೆ ಕುಳಿತು, ಕೆಲವೊಮ್ಮೆ ತಲೆಕೆಳಗಾಗಿ ಜೋತುಬಿದ್ದು, ಬಾಗಿದ ಕೊಕ್ಕನ್ನು ಹೂವಿನೊಳಗೆ ತೂರಿಸುತ್ತದೆ.

ಕೊಕ್ಕು, ಬಾಲ ಎಲ್ಲ ಸೇರಿದರೂ ಇದರ ಉದ್ದ ಸುಮಾರು 10 ಸೆಂಟಿಮೀಟರ್. ಗಂಡಿನ ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು, ಕತ್ತು ನೇರಳೆ. ಬಿಸಿಲು ಬಿದ್ದರೆ ನೆತ್ತಿ ಹಸುರಾಗಿ ಮಿಂಚುತ್ತದೆ. ಹೆಣ್ಣಿಗೆ ಈ ಆಡಂಬರವಿಲ್ಲ. ಅದರ ಬೆನ್ನು ಬೂದು, ಎದೆ ತಿಳಿಹಳದಿ.

ಸೂರಕ್ಕಿಯನ್ನು ಕರೆಯಲು ಸಕ್ಕರೆ ನೀರು ಇಡಬೇಕಾಗಿಲ್ಲ. ಐದೆಸಳಿನ ಕೆಂಪು ದಾಸವಾಳ, ಕೇಪುಳ, ಬಾಳೆಯ ಪೂಂಬೆ ಇದ್ದರೆ ಸಾಕು. ಬಾಳೆ ಹೂವಿನ ತುದಿಯನ್ನು ನೀವೂ ಚೀಪಿ ನೋಡಿರಬಹುದು, ಎಷ್ಟು ಸಿಹಿ! ನಾನು ನರ್ಸರಿಯಿಂದ ದುಡ್ಡು ಕೊಟ್ಟು ತಂದ ಕ್ರೋಟನ್ ಗಿಡಗಳತ್ತ ಮಾತ್ರ ಅದು ತಿರುಗಿಯೂ ನೋಡಲಿಲ್ಲ.

ಒಂದು ಫೆಬ್ರವರಿಯಲ್ಲಿ ನಮ್ಮ ಜಗಲಿಯ ಬಟ್ಟೆ ಹಗ್ಗದ ತುದಿಯಲ್ಲಿ ಕಸದ ಉಂಡೆಯೊಂದು ನೇತಾಡತೊಡಗಿತು. ಅತ್ತೆ ಹಿಡಿಸೂಡಿ ಎತ್ತಿದರು. "ತಡೆಯಿರಿ ಅತ್ತೆ, ಅದು ಗೂಡು" ಎಂದೆ. ಇಬ್ಬರೂ ಬಾಗಿಲ ಮರೆಯಲ್ಲಿ ನಿಂತು ನೋಡಿದೆವು. ಹೆಣ್ಣುಹಕ್ಕಿ ಜೇಡರ ಬಲೆಯ ಎಳೆ ತಂದು ನಾರು, ತೊಗಟೆಯ ಚೂರುಗಳನ್ನು ಅಂಟಿಸುತ್ತಿತ್ತು. ಬಾಗಿಲಿನ ಮೇಲೆ ಪುಟ್ಟ ಮಾಡು ಬೇರೆ! ಅಂದಿನಿಂದ ನಮ್ಮ ಬಟ್ಟೆಗಳು ಅಂಗಳದ ಬೇಲಿಯ ಮೇಲೆ ಒಣಗಿದವು.

ಕಾವು ಕೊಟ್ಟದ್ದು ಹೆಣ್ಣೇ. ಮರಿಯಾದ ಮೇಲೆ ಗಂಡೂ ತುತ್ತು ತರತೊಡಗಿತು. ತುತ್ತು ಎಂದರೆ ಮಕರಂದವಷ್ಟೇ ಅಲ್ಲ. ಜೇಡ, ಸಣ್ಣ ಹುಳು. ಅದೇ ಹೊತ್ತಿಗೆ ದಾಸವಾಳಕ್ಕೆ ಹಿಟ್ಟು ಬಳಿದಂತೆ ಬಿಳಿ ಕೀಟ ಹಿಡಿಯಿತು. ನೆರೆಮನೆಯವರು ಔಷಧಿಯ ಬಾಟಲಿ ತಂದು, "ಒಮ್ಮೆ ಹೊಡೆಯಿರಿ, ಸರಿಯಾಗುತ್ತದೆ" ಎಂದರು. ಗಿಡ ಉಳಿಯುತ್ತಿತ್ತೇನೋ. ಆದರೆ ಆ ಗಿಡದ ಹುಳುವೇ ಮರಿಗಳ ಬಾಯಿಗೆ ಹೋಗುತ್ತಿತ್ತು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಅದರಿಂದ ನರಳಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ನಾನು ಬಾಟಲಿ ಹಿಂದಿರುಗಿಸಿ, ಕೀಟ ಹಿಡಿದ ಗೆಲ್ಲುಗಳನ್ನು ಕತ್ತರಿಸಿದೆ. ಗಿಡ ಅರ್ಧ ಬೋಳಾಯಿತು.

ಒಂದು ಬೆಳಿಗ್ಗೆ ಮೊದಲ ಮರಿ ಹಾರಿ ಆ ಬೋಳು ಗೆಲ್ಲಿನ ಮೇಲೆ ಕುಳಿತಿತು. ಎರಡನೆಯದು ಗೂಡಿನ ಬಾಗಿಲಲ್ಲೇ ಉಳಿಯಿತು. ತಾಯಿ ಕರೆಯಿತು, ತಂದೆ ಕರೆಯಿತು. ಅತ್ತೆ ಊಟಕ್ಕೂ ಏಳದೆ ಕಾದರು. ಮಧ್ಯಾಹ್ನ ದಾಟಿದ ಮೇಲೆ ಅದೂ ಹಾರಿತು. ಮಳೆಗಾಲ ಬರುವವರೆಗೂ ಅತ್ತೆ ಆ ಹಗ್ಗವನ್ನು ಬಿಚ್ಚಲು ಬಿಡಲಿಲ್ಲ.